ಎಮ್ಮೆಯ ಜೊಲ್ಲು ಮತ್ತು ಹುಚ್ಚುನಾಯಿ ರೋಗ

ಬೆರಳಿನ ಗಾಯ ತೋರಿಸಲು ಖಾನಾಪುರ ಕಡೆಯ ರೈತರೊಬ್ಬರು ಬೆಳಗಾವಿಯ ನನ್ನ ದವಾಖಾನೆಗೆ ಬಂದಿದ್ದರು. ಪಟ್ಟಿ ಕಟ್ಟುವಾಗ ಮಾತಿಗೆ ಮಾತು ಬಂತು. “ಎಮ್ಮಿ ಎರಡ ದಿನದಿಂದ ಮೇವ ಮುಟ್ಟವಲ್ದರಿ ಸರ. ಒಂದ ಸವನ ಒದರತೈತಿ, ಜೊಲ್ಲ ಸುರೀತೈತಿ. ಗಂಟಲದಾಗ ಏನರ ಸಿಕ್ಕಿರಬೇಕಂತ ಕೈ ಹಾಕಿ ನೋಡೀನಿ” ಎಂದರು. ನಾನು ಕತ್ತರಿ ಕೆಳಗಿಟ್ಟೆ. ನಾಯಿ ಏನಾದರೂ ಕಚ್ಚಿತ್ತೇ ಎಂದು ಕೇಳಿದರೆ, “ಹೂನ್ರಿ, ತಿಂಗಳ ಮ್ಯಾಲಾತು. ಸಣ್ಣ ಗಾಯ, ಅರಿಷಿಣ ಹಚ್ಚಿದ್ವಿ.”

ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ನಾಯಿಗಷ್ಟೇ ಬರುವುದಲ್ಲ. ಬೆಕ್ಕು, ಆಕಳು, ಎಮ್ಮೆ, ಆಡು ಎಲ್ಲಕ್ಕೂ ಬರುತ್ತದೆ. ರೋಗಾಣು ಜೊಲ್ಲಿನಲ್ಲಿರುತ್ತದೆ. ಕಚ್ಚಲೇಬೇಕೆಂದಿಲ್ಲ, ಒಡೆದ ಚರ್ಮಕ್ಕೆ ಜೊಲ್ಲು ತಗುಲಿದರೂ ಸಾಕು. ಗಂಟಲಿನ ನರಗಳು ಸೋತು ಎಮ್ಮೆಗೆ ನುಂಗಲಾಗುವುದಿಲ್ಲ. ನೋಡುವವರಿಗೆ ಏನೋ ಸಿಕ್ಕಿಕೊಂಡಂತೆ ಕಾಣುತ್ತದೆ. ಇಂಥ ಜಾನುವಾರಿನ ಬಾಯಿಗೆ ಕೈ ಹಾಕದೆ ಪಶುವೈದ್ಯರನ್ನು ಕರೆಸಿ. ಮನುಷ್ಯನಲ್ಲಿ ಲಕ್ಷಣ ಕಾಣಿಸಿಕೊಂಡ ಮೇಲೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ರೈತರ ಕೈಯನ್ನು ಅಲ್ಲೇ ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿದೆ. ಕಚ್ಚಿದ ಗಾಯಕ್ಕೂ ಮೊದಲ ಔಷಧ ಇದೇ. ಸುಣ್ಣ, ಖಾರದಪುಡಿ ಬೇಡ. ಬೆರಳಲ್ಲಿ ಗಾಯವಿದ್ದುದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಯಿತು. ಹೊಟ್ಟೆಗೆ ಹದಿನಾಲ್ಕು ಸೂಜಿಯ ಕಾಲ ಮುಗಿದಿದೆ. ಆ ಹಳೆಯ ಲಸಿಕೆ 2004ರ ಕೊನೆಗೇ ನಿಂತಿತು. ಈಗ ತೋಳಿನ ಚರ್ಮದಲ್ಲಿ 0, 3, 7 ಮತ್ತು 28ನೇ ದಿನ, ಇಲ್ಲವೇ ಸ್ನಾಯುವಿಗೆ 14ನೇ ದಿನವನ್ನೂ ಸೇರಿಸಿ ಐದು ಸಲ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ ನೋಡಿ, ಸರಿ. ಆದರೆ ಅದಕ್ಕಾಗಿ ಸೂಜಿಯನ್ನು ತಡಮಾಡಬೇಡಿ.

ಮನೆಯವರಿಗೆಲ್ಲ ಹಾಲಿನ ಚಿಂತೆ. ಕಾಯಿಸಿ ಕುಡಿದ ಹಾಲಿನಿಂದ ಭಯವಿಲ್ಲ ಎಂದೆ. ಎಮ್ಮೆ ಮೂರನೇ ದಿನ ಸತ್ತಿತು.

ನಗರದವರಿಗೂ ಒಂದು ಮಾತು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಹೆಸರು ಸುಮ್ಮನೆ ಬಂದದ್ದಲ್ಲ. ಸಿಡುಬಿನ ಲಸಿಕೆ ತಯಾರಿಸಿದ ಊರು ನಮ್ಮದು. ಅಲ್ಲೇ ನಾಯಿಯನ್ನು ತಿರುಗಾಡಿಸುವ ಎಷ್ಟೋ ಜನರಿಗೆ ಅದರ ಲಸಿಕೆಯ ತಾರೀಖು ನೆನಪಿರುವುದಿಲ್ಲ. ಮರಿಗೆ ಮೂರು ತಿಂಗಳಿಗೆ ಮೊದಲನೆಯದು, ತಿಂಗಳ ಬಳಿಕ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಮರಿ ಪರಚಿದ್ದನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ, ಬೈಯದೆ ಕೇಳಿ.

ಕೊನೆಯ ಸೂಜಿ ಮುಗಿಸಿಕೊಂಡು ರೈತರು ಮತ್ತೆ ಬಂದರು. ಮನೆಯ ನಾಯಿಗೂ ಲಸಿಕೆ ಹಾಕಿಸಿದ್ದರಂತೆ. “ಬೆಕ್ಕಿಗೂ ಬೇಕೇನ್ರಿ ಸರ?” ಎಂದರು. “ಹಾಕಸ್ರಿ” ಎಂದೆ.