ಮುಷ್ಕರ ಮಾಡಿದ ದಿನಕ್ಕೆ ಉಪನ್ಯಾಸಕರಿಗೆ ಸಂಬಳ ಉಂಟಾ?

ಬೈಂದೂರು, ಶಂಕರನಾರಾಯಣ, ಬಾರ್ಕೂರಿನಂಥ ಸರ್ಕಾರಿ ಪದವಿ ಕಾಲೇಜುಗಳಿಗೆ ಅತಿಥಿ ಉಪನ್ಯಾಸಕರು ಬೇಕೇ ಬೇಕು. ಸೇವೆ ಖಾಯಂ ಮಾಡಿ ಎಂದು 2023ರ ನವೆಂಬರ್‌ನಲ್ಲಿ ಇವರು ರಾಜ್ಯಾದ್ಯಂತ ತರಗತಿ ಬಹಿಷ್ಕರಿಸಿದ್ದರು.

ಇಂಥ ದಿನಗಳಿಗೆ ದುಡ್ಡು ಸಿಗುತ್ತದಾ? ಮುಷ್ಕರದ ದಿನಗಳ ಸಂಬಳ ಕಡಿತ ಮಾಡಬಹುದೆಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. 2022ರಲ್ಲಿ ನಿಗದಿಯಾದ ಗೌರವಧನ ತಿಂಗಳಿಗೆ 26ರಿಂದ 32 ಸಾವಿರ ರೂ. 10 ದಿನ ಕಡಿತವಾದರೆ ಮೂರನೇ ಒಂದು ಪಾಲು ಹೋಯ್ತು.

ಬ್ರಿಟನ್‌ನಲ್ಲಿ ವಿಶ್ವವಿದ್ಯಾಲಯ ನೌಕರರ ಯೂನಿಯನ್ 'ಯುಸಿಯು' ಮುಷ್ಕರ ನಿಧಿ ಇಟ್ಟಿದೆ. ಸಂಬಳ ಕಡಿತವಾದ ಸದಸ್ಯರಿಗೆ ದಿನದ ಲೆಕ್ಕದಲ್ಲಿ ನೆರವು ಕೊಡುತ್ತದೆ. ಅಂಥ ನಿಧಿ ಇಲ್ಲದ ಕಡೆ ಭಾರ ಬೀಳೋದು ಉಳಿತಾಯದ ಮೇಲೆ, ಇಲ್ಲವೇ ದಿನಸಿ ಅಂಗಡಿಯ ಕಡದ ಪುಸ್ತಕದ ಮೇಲೆ.

2024ರ ಜನವರಿಯಿಂದ ಗೌರವಧನ ಏರಿಸಲು ಸರ್ಕಾರ ಒಪ್ಪಿತು. ಖಾಯಮಾತಿ ಮಾತ್ರ ಸಿಗಲಿಲ್ಲ.