ಕಂಪ್ಯೂಟರಿಗೂ ಬೇಕು ಊರು, ಮನೆ ನಂಬರು

ಆಂಧ್ರ ಪ್ರದೇಶದ ಅಮರಾಪುರ ನಮ್ಮಂತೆಯೇ ಗಡಿನಾಡಿನ ಕನ್ನಡದ ಊರು. 2022ರ ಏಪ್ರಿಲ್ 4ರಂದು ಅದರ ಜಿಲ್ಲೆಯೇ ಬದಲಾಯಿತು. ಅನಂತಪುರದ ಬದಲಿಗೆ ಶ್ರೀ ಸತ್ಯಸಾಯಿ ಜಿಲ್ಲೆ ಎಂದಾಯಿತು. ಆದರೆ ಪಿನ್‌ಕೋಡು ಹಿಂದಿನಂತೆ 515ರಿಂದಲೇ ಆರಂಭವಾಗುತ್ತದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಪದ್ಧತಿಯಲ್ಲಿ ಮೊದಲ ಮೂರು ಅಂಕಿಗಳು ಯಾವ ಕಡೆಯ ಚೀಲ ಎಂಬುದನ್ನೂ, ಉಳಿದ ಮೂರು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಅಲ್ಲಿಗೆ ಹೋಗುವ ಕಾಗದವನ್ನು ಕಾಸರಗೋಡಿನಲ್ಲಿ ವಿಂಗಡಿಸುವವರಿಗೆ ಅಮರಾಪುರದ ಬೀದಿಗಳ ಪರಿಚಯ ಬೇಕಿಲ್ಲ. ಚೀಲ ಯಾವುದೆಂದು ತಿಳಿದರೆ ಸಾಕು.

ಶಾಲೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆಯೂ ಇದೇ ಆಗಿದೆ.

192.168.1.25 ಎಂಬ ವಿಳಾಸವನ್ನು ನೋಡಿ. ಜತೆಗೆ 255.255.255.0 ಎಂದು ಬರೆದಿದ್ದರೆ ಮೊದಲ ಮೂರು ಸಂಖ್ಯೆಗಳು ಊರು, ಕೊನೆಯದು ಮನೆ. ಮನೆಯ ಸಂಖ್ಯೆಗಳಲ್ಲಿ 0 ಊರಿಗೇ ಮೀಸಲು. 255 ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ. ಉಳಿದ 254ನ್ನು ಹಂಚಬಹುದು. 192.168ರಿಂದ ಆರಂಭವಾಗುವ ವಿಳಾಸಗಳನ್ನು ಒಳಬಳಕೆಗೆಂದೇ ಬಿಟ್ಟಿರುವುದರಿಂದ ಅಮರಾಪುರದ ಶಾಲೆಯೂ ನಮ್ಮ ಶಾಲೆಯೂ ಒಂದೇ ಸಂಖ್ಯೆಗಳನ್ನು ಇಟ್ಟುಕೊಂಡರೆ ಅಡ್ಡಿಯಿಲ್ಲ. ಆದರೆ ಒಂದೇ ಕೋಣೆಯಲ್ಲಿ ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದರೆ ಎರಡಕ್ಕೂ ಸಂಪರ್ಕ ಕೆಡುತ್ತದೆ.

ಇದನ್ನು ತಪ್ಪಿಸುವ ಉಪಾಯ ಸುಲಭ. ಹೊರದಾರಿಯ ಬಾಗಿಲಾದ ರೌಟರಿಗೆ 1, ಪ್ರಿಂಟರಿಗೆ 10, ಪಾಠಗಳನ್ನಿಟ್ಟ ಸರ್ವರಿಗೆ 11 ಎಂದು ಖಾಯಂ ಸಂಖ್ಯೆ ಕೊಡಿ. ಮಕ್ಕಳು ಬಳಸುವ ಯಂತ್ರಗಳಿಗೆ 100ರಿಂದ 199ರ ವರೆಗಿನ ಸಂಖ್ಯೆಗಳನ್ನು ರೌಟರೇ ಹಂಚಲಿ. ಈ ಹಂಚಿಕೆಗೆ ಡಿಎಚ್‌ಸಿಪಿ ಎಂದು ಹೆಸರು. ಖಾಯಂ ಸಂಖ್ಯೆಗಳು ಆ ಹಂಚಿಕೆಯ ಒಳಗೆ ಬರಬಾರದು.

ಇನ್ನೊಂದು ಕಟ್ಟಡದಲ್ಲಿ ಬೇರೊಂದು ರೌಟರಿಟ್ಟು 192.168.2 ಎಂಬ ಎರಡನೆಯ ಊರನ್ನು ಕಟ್ಟಿದಾಗ ಹಲವರು ಎಡವುತ್ತಾರೆ. ಅಲ್ಲಿಂದ ಇಲ್ಲಿಗೆ ದಾರಿ ತೋರಿಸುತ್ತಾರೆ. ಇಲ್ಲಿಂದ ಅಲ್ಲಿಗೆ ತೋರಿಸಲು ಮರೆಯುತ್ತಾರೆ. ಕಾಗದ ತಲಪಿದರೂ ಉತ್ತರಕ್ಕೆ ದಾರಿಯಿಲ್ಲ! ತಂತಿ ಸರಿಯಿದ್ದೂ ಯಂತ್ರ ಮಾತಾಡದಿದ್ದರೆ, ಎರಡೂ ರೌಟರುಗಳಿಗೆ ಪರಸ್ಪರ ದಾರಿ ಗೊತ್ತಿದೆಯೇ ಎಂದು ಮೊದಲು ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಒಂದು ನೋಟು ಪುಸ್ತಕ. ಯಾವ ಯಂತ್ರಕ್ಕೆ ಯಾವ ಸಂಖ್ಯೆ, ಯಾವ ದಾರಿ ಎಂಬುದನ್ನು ಅದರಲ್ಲಿ ಬರೆದಿಡಬೇಕು. ಇಲ್ಲವಾದರೆ, ಬಲ್ಲ ಮೇಷ್ಟ್ರಿಗೆ ವರ್ಗವಾದ ದಿನವೇ ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದೀತು. ರಿಪೇರಿಗೆ ಬರುವವರು ಅಮರಾಪುರದಲ್ಲಿ ತೆಲುಗು, ಇಲ್ಲಿ ಮಲೆಯಾಳ ಆಡಬಹುದು. ಅಂಕಿಗಳನ್ನು ಅವರೂ ಓದಿಯಾರು. ಆದರೆ ಅದರ ವಿವರಣೆ ಕನ್ನಡದಲ್ಲಿರಲಿ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನೋದಿ ತಾನೇ ಸರಿಪಡಿಸುವಂತಾದರೆ, ಕೋಣೆಯ ಬೀಗಕ್ಕೆ ಕೆಲಸವೇ ಇರದು.