ನಡುಗುವ ಕೈಗೆ ಅಯಸ್ಕಾಂತದ ನೆರವು: ಎಷ್ಟು ನಿಜ?

ಕಂಬದೂರು, ಕಲ್ಯಾಣದುರ್ಗ, ಹಿಂದೂಪುರದಂತಹ ಊರುಗಳಲ್ಲಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಮನೆಗಳಲ್ಲಿ ಕಿರ್ದಿ, ಖಾತೆಗಳನ್ನು ಹಿರಿಯರೇ ಕೈಯಾರೆ ಬರೆಯುವ ರೂಢಿ ಪೂರ್ತಿ ಹೋಗಿಲ್ಲ. ಅಂಥವರು ಹಳೆಯ ಪುಸ್ತಕವನ್ನೂ ಈ ವರ್ಷದ ಪುಸ್ತಕವನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. ದುಂಡಗಿದ್ದ ಅಕ್ಷರ ಸಾಲಿನ ಕೊನೆಗೆ ಹೋದಂತೆ ಸಣ್ಣದಾಗಿ ಒತ್ತಿಕೊಂಡಿದ್ದರೆ ಅದು ಬರಿಯ ವಯಸ್ಸಿನ ದೋಷವಲ್ಲದಿರಬಹುದು. ಪಾರ್ಕಿನ್ಸನ್ ಕಾಯಿಲೆ ಕೆಲವರಲ್ಲಿ ಹೀಗೆಯೇ ತಲೆದೋರುತ್ತದೆ. ಸುಮ್ಮನೆ ಕುಳಿತಾಗ ಒಂದು ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಮೈ ಬಿಗಿಯುವುದು ಇತರ ಲಕ್ಷಣಗಳು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿದರು. ಆಯುರ್ವೇದದವರು ಇದನ್ನು ಕಂಪವಾತಕ್ಕೆ ಹೋಲಿಸುತ್ತಾರೆ.

ಮೆದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುವುದರಿಂದ ಈ ತೊಂದರೆ ಬರುತ್ತದೆ. ಆ ಕೊರತೆಯನ್ನು ತುಂಬುವ ಲೆವೊಡೋಪ ಮಾತ್ರೆಯೇ ಇಂದಿಗೂ ಮುಖ್ಯ ಔಷಧ.

ಈ ಕಾಯಿಲೆಗೆ ಅಯಸ್ಕಾಂತದ ಚಿಕಿತ್ಸೆಯೂ ಇದೆಯೆಂಬ ಮಾತನ್ನು ಹಲವರು ಕೇಳಿರಬಹುದು. ಇಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಮನೆಬಾಗಿಲಿಗೆ ಬಂದು ಮಾರುವ ಅಯಸ್ಕಾಂತದ ಹಾಸಿಗೆ, ಪಟ್ಟಿ, ಕೈಬಳೆಗಳಿಂದ ಪಾರ್ಕಿನ್ಸನ್ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಿಜ್ಞಾನಿಗಳು ಪರೀಕ್ಷಿಸುತ್ತಿರುವುದು ಟಿ.ಎಂ.ಎಸ್. ಎಂಬ ಬೇರೆಯೇ ವಿಧಾನವನ್ನು. ತಂತಿಯ ಸುರುಳಿಯನ್ನು ತಲೆಯ ಮೇಲೆ ಹಿಡಿದು ಅದರಲ್ಲಿ ಕ್ಷಣಾರ್ಧಕ್ಕಿಂತ ಕಡಿಮೆ ಹೊತ್ತು ಬಲವಾದ ವಿದ್ಯುತ್ ಹರಿಸುತ್ತಾರೆ. ಅದರಿಂದ ಹುಟ್ಟಿದ ಕಾಂತಬಲ ತಲೆಬುರುಡೆಯನ್ನು ದಾಟಿ ಮೆದುಳಿನ ಮೇಲ್ಪದರದಲ್ಲಿ ಸಣ್ಣ ವಿದ್ಯುತ್ತನ್ನು ಉಂಟುಮಾಡುತ್ತದೆ. ಸರಿಯಾದ ಜಾಗಕ್ಕೆ ತಾಗಿದರೆ ಹೆಬ್ಬೆರಳು ತಾನಾಗಿ ಮಿಡಿಯುತ್ತದೆ! ಕೊಯ್ಯುವುದಿಲ್ಲ, ಅರಿವಳಿಕೆ ಬೇಕಿಲ್ಲ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವವನ್ನೇ ಬಳಸಿ, 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಸಾಧಿಸಿದರು.

ನಮಗೆ ಹತ್ತಿರದಲ್ಲೇ, ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿ, ಈ ಕುರಿತು ಸಂಶೋಧನೆ ನಡೆದಿದೆ. ಅಲ್ಲಿನ ನರರೋಗ ತಜ್ಞ ಡಾ. ಪ್ರಮೋದ್ ಕುಮಾರ್ ಪಾಲ್ ಮತ್ತು ಸಂಗಡಿಗರು ಚಲನೆಯ ಕಾಯಿಲೆಗಳಲ್ಲಿ ಮೆದುಳಿನ ಆಜ್ಞೆ ಸ್ನಾಯುವನ್ನು ಹೇಗೆ ಮುಟ್ಟುತ್ತದೆಂಬುದನ್ನು ಈ ಸಾಧನದಿಂದ ಅಳೆದಿದ್ದಾರೆ. ವಂಶಪಾರಂಪರ್ಯವಾಗಿ ಬಂದು ನಡಿಗೆಯ ಸಮತೋಲ ಕೆಡಿಸುವ ಕಾಯಿಲೆಗಳ ಬಗ್ಗೆ 2013ರಲ್ಲಿ ಅವರ ಅಧ್ಯಯನ ಪ್ರಕಟವಾಗಿದೆ.

ಹಾಗಾದರೆ ಇದರಿಂದ ಪಾರ್ಕಿನ್ಸನ್ ವಾಸಿಯಾಗುವುದೇ? ಇಲ್ಲ. ಕಾಂತಬಲ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಸಾಮಾನ್ಯವಾಗಿ ಇಳಿಯದು. ನಶಿಸಿದ ಕೋಶಗಳಿರುವುದು ಇನ್ನೂ ಒಳಗೆ. ಮೇಲ್ಪದರವನ್ನು ಪ್ರಚೋದಿಸಿದಾಗ ಕೆಲವರ ಚಲನೆ ಕೆಲಕಾಲ ಸುಧಾರಿಸಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಅದು ಮಾತ್ರೆಗೆ ಬದಲಿಯಲ್ಲ. ಖಿನ್ನತೆಯ ಚಿಕಿತ್ಸೆಗೆ ಅಮೆರಿಕ 2008ರಲ್ಲೇ ಇದಕ್ಕೆ ಅನುಮತಿ ಕೊಟ್ಟಿದೆ. ತಲೆಯೊಳಗೆ ಲೋಹವಿರುವವರು, ಪೇಸ್‌ಮೇಕರ್ ಇರುವವರು, ಮೂರ್ಛೆರೋಗ ಇರುವವರು ಮೊದಲೇ ವೈದ್ಯರಿಗೆ ತಿಳಿಸಲೇಬೇಕು.

ನಮ್ಮ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಹಿರಿಯರು ರಾತ್ರಿಯ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ಪರ್ವದ ಉಪವಾಸಗಳಲ್ಲಿ ಹಗಲಿನದೂ ನಿಲ್ಲುತ್ತದೆ. ಲೆವೊಡೋಪವನ್ನು ಥಟ್ಟನೆ ನಿಲ್ಲಿಸಿದರೆ ಮೈ ಮರದಂತೆ ಬಿಗಿದು ತೀವ್ರ ಜ್ವರ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ವ್ರತ ಹಿಡಿಯುವ ಮೊದಲೇ ಮನೆಯ ಊಟದ ವೇಳೆಯನ್ನು ವೈದ್ಯರಿಗೆ ಹೇಳಿ, ಮಾತ್ರೆಯ ವೇಳೆ, ಪ್ರಮಾಣಗಳನ್ನು ಹೊಂದಿಸಲಾಗುವುದೇ ಎಂದು ಕೇಳಬೇಕು. ಆಗದಿದ್ದರೆ ನಿಯಮದ ವಿಷಯವನ್ನು ಗುರುಗಳಲ್ಲಿ ಅರಿಕೆ ಮಾಡಿಕೊಳ್ಳಬೇಕು. ಬೇಳೆ, ಹಾಲುಗಳ ಜೊತೆಗೇ ನುಂಗಿದರೆ ಕೆಲವರಿಗೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ, ಇದನ್ನೂ ವಿಚಾರಿಸಿಕೊಳ್ಳಿ.

ಅಸಾತಾವೇದನೀಯ ಕರ್ಮದ ಉದಯವೆಂದು ಕೈಕಟ್ಟಿ ಕೂರುವುದು ಧರ್ಮವಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳನ್ನು ನಾಲ್ಕಾಗಿ ಎಣಿಸಿದ ಪರಂಪರೆ ನಮ್ಮದು. ಗಿರಾಕಿಗಳು ನೋಡಿಯಾರೆಂದು, ಸಂಬಂಧ ಕುದುರುವುದಿಲ್ಲವೆಂದು ತಂದೆಯ ನಡುಗುವ ಕೈಯನ್ನು ಶಾಲಿನಲ್ಲಿ ಮುಚ್ಚಿಡುವ ಬದಲು, ಒಂದು ದಿನ ಅಂಗಡಿ ಮುಚ್ಚಿ ಅವರನ್ನು ನರರೋಗ ತಜ್ಞರಲ್ಲಿಗೆ ಕರೆದೊಯ್ಯೋಣ. ಔಷಧದಾನ ಮೊದಲು ನಮ್ಮ ಮನೆಯಲ್ಲೇ ಆಗಲಿ.